ದೊಡ್ಡಪ್ಪನೂ ಪಾದ್ರಿಗಳ ಗ್ರೀಕೂ

ನಮ್ಮ ದೊಡ್ಡಪ್ಪನಂಥ ಭಕ್ತ ತರೀಕೆರೆ ಸೀಮೆಯಲ್ಲೇ ಇರಲಿಲ್ಲ. ಪಾದ್ರಿಗಳ ಮನೆಗೆ ಬಂದವರನ್ನು ಅವನಷ್ಟು ಹುರುಪಿನಿಂದ ಓಡಿಸಿದವನೂ ಇರಲಿಲ್ಲ!

ಮಹಾರಾಜರ ಕಾಲ. ನಮ್ಮದು ಬೆರಳೆಣಿಕೆ ಮನೆಗಳ ಕ್ರೈಸ್ತ ಸಭೆ. ಹೊಸದಾಗಿ ಬಂದ ಪಾದ್ರಿಗಳು ಕಡೂರು ಕಡೆಯ ತರುಣರು. ಸತ್ಯವೇದವನ್ನು ಮೂಲ ಭಾಷೆಗಳಲ್ಲೇ ಓದಬೇಕೆಂದು ಹಟ ಹಿಡಿದು ಗ್ರೀಕು, ಹೀಬ್ರೂ ಕಲಿಯತೊಡಗಿದ್ದರು. ಯಾಕಪ್ಪಾ, ಕನ್ನಡ ದೇವರಿಗೆ ತಿಳಿಯೋದಿಲ್ಲವೇ ಎಂದು ಸಭೆಯವರು ಗೊಣಗಿದರು. ದೊಡ್ಡಪ್ಪ ಮಾತ್ರ ದಿನಾ ಬೆಳಿಗ್ಗೆ ಅವರ ಜಗಲಿಯಲ್ಲಿ ಕಂಬಳಿ ಹಾಸಿ ಕಾವಲಿಗೆ ಕೂತುಬಿಟ್ಟ.

ಒಮ್ಮೆ ಅಜ್ಜಂಪುರದಿಂದ ಬೀಗರಿಬ್ಬರು ಗಾಡಿ ಕಟ್ಟಿಕೊಂಡು ಮದುವೆ ದಿನ ಗೊತ್ತುಮಾಡಲು ಬಂದರು.

“ಪಾದ್ರಿಗಳು ಅವ್ರಾ?”

“ಅವ್ರೆ. ಓದ್ತಾವ್ರೆ. ಮಧ್ಯಾಹ್ನ ಬನ್ನಿ.”

“ಮದುವೆ ವಿಷ್ಯ ಕಣ್ರೀ!”

“ಮದುವೆ ಎಲ್ಲೂ ಓಡೋಗಲ್ಲ. ಒಳಗೆ ಒಂದು ಕ್ರಿಯಾಪದ ಸಿಕ್ಕಾಕ್ಕೊಂಡೈತೆ, ಬಿಡಿಸ್ತಾವ್ರೆ!”

ಯಾವುದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ತಿಳಿದ ಬೀಗರು, ಪಾಪ, ಉಸಿರು ಬಿಗಿಹಿಡಿದು ಕೂತರು!

ಪಾದ್ರಿಗಳಿಗೆ ಓದಲು ಇನ್ನಷ್ಟು ಹೊತ್ತು ಸಿಗಲೆಂದು ಕಾಯಿಲೆಯವರನ್ನು ನೋಡಿಬರುವ ಕೆಲಸವನ್ನೂ ಅವನೇ ವಹಿಸಿಕೊಂಡ. ಅವನು ಪ್ರಾರ್ಥನೆ ಮಾಡಿದರೆ ಲಕ್ಕವಳ್ಳಿ ಕಾಡಿನ ಹಕ್ಕಿಗಳು ಹಾರಬೇಕು! ಚಳಿಜ್ವರದಲ್ಲಿ ಮಲಗಿದ್ದ ಅಜ್ಜಿಯೊಬ್ಬಳು, ಅವನು “ಕರ್ತನೇ!” ಎಂದು ಶುರುಮಾಡುತ್ತಲೇ ಎದ್ದು ಕೂತು, “ವಾಸಿಯಾಯ್ತು ಕಣಪ್ಪಾ, ನೀನು ಹೊರಡು” ಅಂದಳಂತೆ. ಅದೊಂದು ಪವಾಡವೆಂದು ದೊಡ್ಡಪ್ಪ ಊರೆಲ್ಲ ಸಾರಿದ.

ಕೊನೆಗೆ ಅಲ್ಲೇ ಕೆಲವು ವರ್ಷ ಇದ್ದು ಓದಿರೆಂದು ಬೆಂಗಳೂರಿನ ವೇದಪಾಠಶಾಲೆಯಿಂದ ಪಾದ್ರಿಗಳಿಗೆ ಕರೆ ಬಂತು. ಸಭೆಯ ಹಿರಿಯರು ಕೂತು, “ಅಷ್ಟು ದಿನ ನಮ್ಮನ್ನ ನೋಡೋರ್ಯಾರು? ಬ್ಯಾಡ” ಎಂದು ತೀರ್ಮಾನಿಸುವುದರಲ್ಲಿದ್ದರು. ದೊಡ್ಡಪ್ಪ ಎದ್ದು ನಿಂತ.

“ಅವ್ರು ಓದ್ದೆ ಇದ್ರೆ ನಾಳೆ ನಾವು ಕೇಳಿದ್ದಕ್ಕೆ ಏನ್ ಹೇಳ್ತಾರೆ? ಹೋಗ್ಲಿ ಬಿಡ್ರಪ್ಪಾ. ಅಲ್ಲೀಗಂಟ ಪ್ರಾರ್ಥನೆ ನಾನ್ ಮಾಡಿಸ್ತೀನಿ!”

ಹಿರಿಯರು ಗಾಬರಿಯಿಂದ ಮುಖ ಮುಖ ನೋಡಿಕೊಂಡರು. ಆದರೂ ನಗುತ್ತಾ ಒಪ್ಪಿದರು. ಪಾದ್ರಿಗಳು ಹೋದಮೇಲೆ ದೊಡ್ಡಪ್ಪನ ತೋಟದ ತೆಂಗಿನಕಾಯಿ ಮೂಟೆಗಳು ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಲೇ ಇದ್ದವು. ಆ ಪಾಠಶಾಲೆಯಲ್ಲಿ ಎಷ್ಟು ಜನ ನಮ್ಮ ಚಟ್ನಿ ತಿಂದು ಪಂಡಿತರಾದರೋ!

ಓದು ಮುಗಿಸಿ ಬಂದ ದಿನ ಪಾದ್ರಿಗಳು ರೈಲಿಳಿದು ಸೀದಾ ದೊಡ್ಡಪ್ಪನ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ. ದೊಡ್ಡಮ್ಮನನ್ನೂ ಕರೆದು ಕೂರಿಸಿದರು. ನನಗೆ ವಿಷಯ ಗೊತ್ತಾದದ್ದು ಆಗಲೇ. ಎಷ್ಟೋ ವರ್ಷಗಳ ಹಿಂದೆ ದೊಡ್ಡಪ್ಪ ದೊಡ್ಡಮ್ಮನ ಚೊಚ್ಚಲ ಕೂಸು, ನೀರೆರೆದು ಹೆಸರಿಡುವ ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡಿತ್ತು. ಅದಕ್ಕೆ ಸ್ವರ್ಗವಿಲ್ಲವೆಂದು ಯಾರೋ ಅಂದುಬಿಟ್ಟಿದ್ದರು. ಅದು ನಿಜವೇ ಎಂದು ದೊಡ್ಡಪ್ಪ ಕೇಳಿದಾಗ, “ಗೊತ್ತಿಲ್ಲ, ಓದಿ ಹೇಳ್ತೀನಿ” ಎಂದವರು ಈ ಪಾದ್ರಿಗಳೊಬ್ಬರೇ.

“ಅಣ್ಣಾ, ಎಲ್ಲಾ ಹುಡುಕಿದೆ. ಕೂಸನ್ನ ದೇವರು ದೂರ ಮಾಡಿದ ಅನ್ನೋ ಮಾತು ಎಲ್ಲೂ ಇಲ್ಲ. ಎತ್ತಿಕೊಂಡು ಹರಸಿದ್ದು ಮಾತ್ರ ಇದೆ” ಎಂದರು ಅವರು.

ಆಮೇಲೆ ದೊಡ್ಡಮ್ಮ, ಆ ಕೂಸಿಗೆ ಇಡಬೇಕೆಂದುಕೊಂಡಿದ್ದ ಹೆಸರನ್ನು ಮೆಲ್ಲಗೆ ಹೇಳಿದಳು. ನಾವ್ಯಾರೂ ಅದನ್ನು ಕೇಳಿಯೇ ಇರಲಿಲ್ಲ.

ದೊಡ್ಡಪ್ಪ ಅವಳ ಕೈ ಹಿಡಿದುಕೊಂಡು, “ಇನ್ನೊಂದ್ಸಲ ಹೇಳೇ” ಅಂದ.