ಜಾಗ್ರತೆಯಲ್ಲಿ ನೋಡಿದ ಮುಂಬಯಿ

ದೊಡ್ಡ ಪೇಟೆಗೆ ಹೋದವರಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆದರೆ ಮುಂಬಯಿಯಲ್ಲಿ ನಮಗೆ ಕಳ್ಳರಿಂದಾಗಲಿ ಮೋಸಗಾರರಿಂದಾಗಲಿ ಒಂದಿಷ್ಟೂ ತೊಂದರೆ ಆಗಲಿಲ್ಲ. ಇದನ್ನು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ನಮಗೆ ಆದದ್ದೆಲ್ಲ "ಜಾಗ್ರತೆ" ಎಂದು ಬುದ್ಧಿ ಹೇಳಿದವರಿಂದ. ಪೊಲೀಸರು ಹಿಡಿಯುವುದಾದರೆ ಮೊದಲು ಅಂಥವರನ್ನು ಹಿಡಿಯಬೇಕು.

ಹೊರಟದ್ದು ನಾವು ಮೂವರು. ಕೇರಳದ ಗಡಿಯ ಉಪ್ಪಳದಲ್ಲಿ ಮನೆಮಾಡಿಕೊಂಡು, ವಿಲ್ಲೇಜ್ ಆಫೀಸಿನಲ್ಲಿ ದುಡಿದು ನಿವೃತ್ತನಾದ ನಾನು, ನನ್ನ ಹೆಂಡತಿ, ಮತ್ತು ಹೆಂಡತಿಯ ಅಕ್ಕ, ಅಂದರೆ ನನ್ನ ಅತ್ತಿಗೆ. ಅತ್ತಿಗೆ ದೇಲಂಪಾಡಿ ಕಡೆಯ ಶಾಲೆಯಲ್ಲಿ ಹಿಂದಿ ಟೀಚರ್ ಆಗಿದ್ದವರು. ಆಯುಷ್ಯವಿಡೀ ಹಿಂದಿ ಕಲಿಸಿದೆ, ಹಿಂದಿ ಮಾತಾಡುವ ಪೇಟೆ ಒಂದನ್ನಾದರೂ ನೋಡಲಿಲ್ಲ ಎಂದು ಅವರು ಹೇಳುತ್ತಿದ್ದರು. ಅದಕ್ಕಾಗಿಯೇ ಟಿಕೆಟ್ ಮಾಡಿಸಿದ್ದು.

ಸುದ್ದಿ ತಿಳಿದ ಕೂಡಲೇ ಆಚೆಮನೆಯವರು ಬಂದು ಚಾವಡಿಯಲ್ಲಿ ಕೂತರು. ಅವರು ಮೊದಲು ಮುಂಬಯಿಯಲ್ಲಿ, ಆಮೇಲೆ ಗಲ್ಫಿನಲ್ಲಿ ಇದ್ದವರು. ಹೇಗೆಲ್ಲ ಜೇಬು ಕತ್ತರಿಸುತ್ತಾರೆ, ಹೇಗೆಲ್ಲ ಫೋನು ಎಗರಿಸುತ್ತಾರೆ ಎಂದು ವಿವರಿಸಿದರು. ಹೆಂಗಸರಿಬ್ಬರೂ ಕಣ್ಣು ಮಿಟುಕಿಸದೆ ಕೇಳಿದರು. ಚಹಾ ಕೊಟ್ಟು ಕಳಿಸಿದವ ನಾನೇ, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಳಜೇಬು

ಆಧಾರ್ ಕಾರ್ಡ್ ಹೋದರೆ ಮನುಷ್ಯನೇ ಹೋದ ಹಾಗೆ ಎಂದು ಆಚೆಮನೆಯವರು ಹೇಳಿದ್ದರು. ಹೆಂಡತಿ ನನ್ನ ಬನಿಯನಿನ ಒಳಬದಿಗೆ ಒಂದು ಜೇಬು ಹೊಲಿದು, ಮೂವರ ಕಾರ್ಡುಗಳನ್ನೂ ಅದರಲ್ಲಿಟ್ಟಳು. ಜಾರಿ ಬೀಳಬಾರದೆಂದು ಜೇಬಿನ ಬಾಯಿಯನ್ನೂ ಹೊಲಿದುಬಿಟ್ಟಳು. ಗೋಣಿಚೀಲ ಹೊಲಿಯುವ ದಾರದಲ್ಲಿ.

ಲಾಡ್ಜಿಗೆ ಹೋಗಿ ರೂಮು ಕೇಳಿದರೆ, ಕೌಂಟರಿನಲ್ಲಿದ್ದವ ಮೊದಲು ಕೇಳಿದ್ದೇ ಆಧಾರ್. ಅಲ್ಲಿ ಸೋಫಾದ ಮೇಲೆ ಯಾರದೋ ಸಂಸಾರ ಕೂತಿತ್ತು. ನಾನು ಗೋಡೆಯ ಕಡೆಗೆ ತಿರುಗಿ ಅಂಗಿಯ ಗುಂಡಿ ಬಿಚ್ಚಿದೆ. ದಾರ ಜಗ್ಗಿದೆ, ಬರಲಿಲ್ಲ. ಅಂಗಿಯನ್ನೇ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಅವನ ಹತ್ತಿರ ಒಂದು ಕತ್ತರಿ ಕೇಳಿದೆ.

ಬಂದ ಕೂಡಲೇ ಅಂಗಿ ಬಿಚ್ಚಿ ಕತ್ತರಿ ಕೇಳುವ ಗಿರಾಕಿಯನ್ನು ಅವನು ಹಿಂದೆ ನೋಡಿರಲಿಕ್ಕಿಲ್ಲ. ಎಂತಕ್ಕೆ ಎಂದು ಕೇಳಿದ. ಅತ್ತಿಗೆ ಮುಂದೆ ಬಂದು ತಮ್ಮ ಪಠ್ಯಪುಸ್ತಕದ ಹಿಂದಿಯಲ್ಲಿ, ಇವರ ವಕ್ಷಸ್ಥಳವನ್ನು ತೆರೆಯಬೇಕಾಗಿದೆ ಎಂದು ವಿವರಿಸಿದರು. ಅವನು ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಬಂದು, ಕತ್ತರಿಯನ್ನು ನಮ್ಮ ಕೈಗೆ ಕೊಡದೆ ತಾನೇ ದಾರ ಕತ್ತರಿಸಿದ.

ಬೆವರಿನಲ್ಲಿ ಒದ್ದೆಯಾದ ಕಾರ್ಡನ್ನು ಒರೆಸಿ ಕೊಟ್ಟೆ. ಕೌಂಟರಿನವ ಕಾರ್ಡನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡನ್ನು ನೋಡಿದ. "ಇದರಲ್ಲಿ ನೀವು ಅಂಗಿ ಹಾಕಿಕೊಂಡಿದ್ದೀರಲ್ಲ" ಎಂದ.

ಓಡಲಾರದವರು

ಮರುದಿನ ಸಮುದ್ರದ ಬದಿಗೆ ಹೋದೆವು. ಮೂವರೂ ಒಟ್ಟಿಗೆ ನಿಂತ ಒಂದು ಫೋಟೋ ಬೇಕೆಂದು ಹೆಂಡತಿಗೆ ಆಸೆ. ಯಾರ ಕೈಗಾದರೂ ಫೋನು ಕೊಡಬೇಕಷ್ಟೆ. ಆದರೆ ಫೋನು ಕೈಗೆ ಸಿಕ್ಕಿದ ಕೂಡಲೇ ಓಡುತ್ತಾರೆ ಎಂದು ಆಚೆಮನೆಯವರು ಹೇಳಿದ್ದರಲ್ಲ. ನಾನು ಸಭ್ಯರಂತೆ ಕಂಡವರನ್ನು ಒಬ್ಬೊಬ್ಬರನ್ನಾಗಿ ತೋರಿಸಿದೆ. ಅತ್ತಿಗೆ ಅವರ ಮುಖ ನೋಡಲೇ ಇಲ್ಲ, ಕಾಲು ನೋಡಿದರು. ಇವನ ಕಾಲಲ್ಲಿ ಬೂಟ್ಸ್ ಉಂಟು, ಬೇಡ. ಅವನದು ಉದ್ದ ಕಾಲು, ಬೇಡ.

ಕೊನೆಗೆ ಕೋಲೂರಿಕೊಂಡು ನಿಧಾನಕ್ಕೆ ಬರುತ್ತಿದ್ದ ಒಬ್ಬ ಮುದುಕರು ಅವರಿಗೆ ಒಪ್ಪಿಗೆಯಾದರು. ಪಾಪ, ಅವರು ಸಂತೋಷದಿಂದ ಒಪ್ಪಿ, ಹಿಡಿದುಕೊಳ್ಳಲು ಕೋಲನ್ನು ನನ್ನ ಕೈಗೇ ಕೊಟ್ಟರು. ಇನ್ನಂತೂ ಓಡುವ ಭಯವಿಲ್ಲ ಎಂದು ಅತ್ತಿಗೆ ಕನ್ನಡದಲ್ಲಿ ಹೇಳಿದರು. ಮುದುಕರು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಇನ್ನೂ ಸ್ವಲ್ಪ ನಗಿ ಎಂದರು. ಬಿಸಿಲಿನಲ್ಲಿ ನಾವು ಹಲ್ಲು ಕಿಸಿದು ನಿಂತೇ ನಿಂತೆವು. ತೃಪ್ತಿಯಾಗುವಷ್ಟು ತೆಗೆದು, ಫೋನು ಕೊಟ್ಟು, ಕೋಲು ಇಸಿದುಕೊಂಡು ಹೋದರು.

ಸಂಜೆ ರೂಮಿನಲ್ಲಿ ತೆರೆದು ನೋಡಿದರೆ ಅಷ್ಟೂ ಫೋಟೋಗಳಲ್ಲಿ ಆ ಮುದುಕರೇ. ಕ್ಯಾಮೆರಾ ಅವರ ಕಡೆಗೆ ತಿರುಗಿತ್ತು. ಒಂದರಲ್ಲಿ ಮೂಗಿನ ಹೊಳ್ಳೆ, ಒಂದರಲ್ಲಿ ಹುಬ್ಬು. ಹೆಂಡತಿ ಸಿಟ್ಟಿನಲ್ಲಿ ಅಳಿಸಲು ಹೊರಟಳು. ಅತ್ತಿಗೆ ತಡೆದು, ಇರಲಿ, ಫೋನು ಕದ್ದಿದ್ದರೆ ಪೊಲೀಸರಿಗೆ ತೋರಿಸಲು ಎಷ್ಟು ಅನುಕೂಲವಾಗುತ್ತಿತ್ತು ಎಂದರು.

ಪಿನ್ನು

ಮತ್ತೊಂದು ದಿನ ದೋಣಿಯಲ್ಲಿ ದ್ವೀಪದ ಗುಹೆ ನೋಡಲು ಹೊರಟೆವು. ಜೆಟ್ಟಿಯಲ್ಲಿ ಜನವೋ ಜನ. ಗುಂಪಿನಲ್ಲಿ ಮೈಮೇಲೆ ಬೀಳುವ ಗಂಡಸರಿಗೆ ಮದ್ದೆಂದು ಅತ್ತಿಗೆ ಬೆರಳಿನ ಸಂದಿಯಲ್ಲಿ ಒಂದು ದೊಡ್ಡ ಸೇಫ್ಟಿ ಪಿನ್ನನ್ನು ಬಿಚ್ಚಿ ಹಿಡಿದಿದ್ದರು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವ ನಾನು, ಯಾಕೆಂದರೆ ಅವರ ಹಿಂದೆಯೇ ನಿಂತಿದ್ದವ ನಾನು.

ದೋಣಿಗೆ ಕಾಲಿಡುವಾಗ ಅಲೆ ಬಂದು ಅದು ಓಲಾಡಿತು. ಅತ್ತಿಗೆ ಬಿದ್ದಾರೆಂದು ನಾನು ಬೆನ್ನಿಗೆ ಕೈಕೊಡಲು ಬಗ್ಗಿದೆ. ಅವರು ಹಿಂದೆ ತಿರುಗಿಯೂ ನೋಡದೆ ತೊಡೆಗೆ ಚುಚ್ಚಿದರು. ಇಡೀ ಪ್ರವಾಸದಲ್ಲಿ ಮುಂಬಯಿ ಮಹಾನಗರದಲ್ಲಿ ನನ್ನ ಮೇಲೆ ಆದ ಒಂದೇ ಒಂದು ಹಲ್ಲೆ ಅದು. ಯಾರೆಂದು ಗೊತ್ತಾದ ಮೇಲೂ ಅವರು ಕ್ಷಮೆ ಕೇಳಲಿಲ್ಲ. "ಮೊದಲೇ ಹೇಳಿ ಮುಟ್ಟಬಾರದಾ ಭಾವ" ಎಂದರು.

ಪಿನ್ನಿಗೆ ತುಕ್ಕು ಹಿಡಿದಿತ್ತು. ಗುಹೆ ನೋಡುವ ಬದಲು ಇಂಜೆಕ್ಷನಿಗಾಗಿ ಕ್ಲಿನಿಕ್ಕಿಗೆ ಹೋದೆವು. ಒಳಗೆ ಹೋದವ ನಾನೊಬ್ಬನೇ. ಡಾಕ್ಟರ್ ಎಂತ ತಾಗಿದ್ದು ಎಂದು ಕೇಳಿದರು, ಪಿನ್ನು ಎಂದೆ. ಯಾರು ಚುಚ್ಚಿದ್ದು ಎಂದು ಕೇಳಿದರು, ನನ್ನ ಹೆಂಡತಿಯ ಅಕ್ಕ ಎಂದೆ. ಅವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ಇಲ್ಲೇ ಹೊರಗೆ ಕೂತಿದ್ದಾರೆ ಎಂದೆ.

ಡಾಕ್ಟರ್ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು.

ಗುರುತು

ಕೊನೆಯ ದಿನ ಒಂದು ದೊಡ್ಡ ಮ್ಯೂಸಿಯಮ್ಮಿಗೆ ಹೋದೆವು. ತಪ್ಪಿಸಿಕೊಂಡರೆ ನಿಂತ ಜಾಗದಿಂದ ಅಲ್ಲಾಡಬಾರದು, ಉಳಿದವರು ಹುಡುಕಿಕೊಂಡು ಬರುತ್ತಾರೆ, ಇದೂ ಆಚೆಮನೆಯವರ ಸಲಹೆಯೇ. ಮೇಲಿನ ಮಾಳಿಗೆಯಲ್ಲಿ ವಿಗ್ರಹ ನೋಡುತ್ತಾ ಅತ್ತಿಗೆ ಹಿಂದೆ ಉಳಿದರು, ನಾವು ಮಾತಾಡುತ್ತಾ ಕೆಳಗಿಳಿದೆವು. ಫೋನು ಮಾಡಿದರೆ ಸ್ವಿಚ್ ಆಫ್. ಗುಂಪಿರುವಲ್ಲಿ ಫೋನು ಹೊರಗೆ ತೆಗೆಯಬಾರದೆಂದು ಅವರು ಅದನ್ನು ಆರಿಸಿ ಚೀಲದ ತಳಕ್ಕೆ ಹಾಕಿದ್ದರು.

ನಾನು ಮೇಲೆ ಹೋಗಿ ನೋಡುತ್ತೇನೆಂದರೆ ಹೆಂಡತಿ ಬಿಡಲಿಲ್ಲ. ತಪ್ಪಿಸಿಕೊಂಡದ್ದು ನಾವೋ ಅಕ್ಕನೋ ಯಾರಿಗೆ ಗೊತ್ತು, ನಾವೂ ಅಲ್ಲಾಡಬಾರದು ಎಂದಳು. ಹೀಗೆ ಅವರು ಮೇಲೆ ಅಲ್ಲಾಡಲಿಲ್ಲ, ನಾವು ಕೆಳಗೆ ಅಲ್ಲಾಡಲಿಲ್ಲ. ಮುಚ್ಚುವ ಹೊತ್ತು ಹತ್ತಿರ ಬಂದಾಗ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೇ ಅಕ್ಕ, ಅವಳಿಗೆ ಏನಾದರೂ ಆದರೆ ಎಂದು ಬಿಕ್ಕಿದಳು. ಇನ್ನು ನಾನು ಅವಳ ಮಾತು ಕೇಳಲಿಲ್ಲ. ಓಡಿ ಹೋಗಿ ಸೆಕ್ಯೂರಿಟಿಯವರಿಗೆ ಹೇಳಿದೆ.

ಬಾಗಿಲ ಬಳಿಯ ಸೆಕ್ಯೂರಿಟಿಯವ ವಾಕಿಟಾಕಿಯಲ್ಲಿ ಮೇಲಿನವನಿಗೆ ತಿಳಿಸಿದ. ಅತ್ತಿಗೆ ಸಿಕ್ಕಿದರು. ವಿಗ್ರಹದ ಪಕ್ಕದಲ್ಲಿ ವಿಗ್ರಹದಂತೆಯೇ ನಿಂತಿದ್ದರಂತೆ. ಆದರೆ ಬರಲು ಒಪ್ಪಲಿಲ್ಲ. ನಿಮ್ಮವರು ಕರೆಯುತ್ತಿದ್ದಾರೆ ಎಂದು ಹೇಳಿಯೇ ಅಪಹರಣ ಮಾಡುವುದು ಎಂದು ಅವರು ಶುದ್ಧ ಹಿಂದಿಯಲ್ಲಿ ಮೇಲಿನವನಿಗೆ ಪಾಠ ಮಾಡಿದರು. ನನ್ನ ಹೆಸರು ಹೇಳಿದರೆ, ಹೆಸರು ಯಾರಿಗಾದರೂ ಗೊತ್ತಾಗುತ್ತದೆ ಎಂದರು. ಊರು ಹೇಳಿದರೂ ಅದೇ ಮಾತು. ಕೊನೆಗೆ ಅವರೇ ಒಂದು ಪ್ರಶ್ನೆ ಕೊಟ್ಟು ಕಳಿಸಿದರು: ಕೆಳಗಿರುವವರು ನಿಜವಾಗಿಯೂ ನನ್ನ ಭಾವನೇ ಆಗಿದ್ದರೆ, ಮನೆಯಲ್ಲಿ ಅವರು ಯಾವುದನ್ನು ಕಂಡರೆ ಮಂಚ ಹತ್ತುತ್ತಾರೆ?

ನಾನು ಉತ್ತರ ಹೇಳುವುದಿಲ್ಲ ಎಂದೆ. ಹೆಂಡತಿ ಕಣ್ಣೊರೆಸಿಕೊಂಡು ಹೇಳಿಬಿಟ್ಟಳು.

ಆ ಹೊತ್ತಿಗೇ ವಾಕಿಟಾಕಿ ಕೈಕೊಡಬೇಕೆ. ಸೆಕ್ಯೂರಿಟಿಯವ ಪಾಪ, ಸಹಾಯ ಮಾಡುವ ಮನಸ್ಸಿನವ. ನೇರವಾಗಿ ಮೈಕಿನ ಬಳಿ ಹೋದ. ಕೇರಳದಿಂದ ಬಂದ ಟೀಚರಮ್ಮ ಕೆಳಗೆ ಬರಬೇಕು, ನಿಮ್ಮ ಭಾವ ಹೆದರುವುದು ಜಿರಳೆಗೆ ಎಂದು ಹಿಂದಿಯಲ್ಲಿ ಹೇಳಿದ. ಮರಾಠಿಯಲ್ಲಿ ಹೇಳಿದ. ವಿದೇಶದವರೂ ಇದ್ದಾರೆಂದು ಇಂಗ್ಲಿಷಿನಲ್ಲಿಯೂ ಹೇಳಿದ. ಮೂರು ಮಾಳಿಗೆಯ ಜನ ಕಟಾಂಜನಕ್ಕೆ ಬಂದು ಬಗ್ಗಿ ನೋಡಿದರು. ಅವರ ನಡುವಿನಿಂದ ಅತ್ತಿಗೆ ಗಂಭೀರವಾಗಿ ಮೆಟ್ಟಿಲಿಳಿದು ಬಂದು, ಈಗ ನಂಬಿಕೆ ಬಂತು ಎಂದರು. ಅಕ್ಕತಂಗಿ ಅಪ್ಪಿಕೊಂಡು ಅತ್ತರು. ನನ್ನ ಮುಖವನ್ನು ಎಲ್ಲಿಡುವುದೆಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಸಫಾರಿ ಹಾಕಿದ ಒಬ್ಬರು ಗುಂಪನ್ನು ಸರಿಸಿ ನನ್ನ ಹತ್ತಿರ ಬಂದರು. ನಮ್ಮ ಕನ್ನಡ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ತಾನೂ ನಮ್ಮ ಪಕ್ಕದ ಕುಂಬಳೆ ಕಡೆಯವನೇ, ಇಲ್ಲಿ ಹೋಟೆಲು ಎಂದು ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ಸ್ವರದಲ್ಲಿ ಸಮಾಧಾನ ಮಾಡಿದರು.

"ನೀವು ಎಂತ ಹೆದರಬೇಡಿ ಮಾರಾಯ್ರೆ. ನಾನು ಮೇಲಿಂದ ಕೆಳಗಿನವರೆಗೆ ನೋಡಿಕೊಂಡೇ ಬಂದೆ. ಇಲ್ಲಿ ಒಂದು ಜಿರಳೆಯೂ ಇಲ್ಲ."