ಅಂಜೂರದ ಗಿಡದಲ್ಲಿ ಮೂರು

ಗವಿಸಿದ್ದಪ್ಪ ಮಾಡಿದ ತಪ್ಪು ಇಷ್ಟೇ. ಭಾನುವಾರ ಬೆಳಿಗ್ಗೆ ಹೆಂಡತಿ ಬಸಕ್ಕ "ರೊಟ್ಟಿ ಆರತಾವ, ಬರ್ರಿ" ಎಂದು ಮೂರನೇ ಸಲ ಕೂಗಿದಾಗ, ತನ್ನ ನೋಟ್‌ಬುಕ್ಕನ್ನು ಹಿತ್ತಲ ಗೋಡೆಯ ಮೇಲೇ ಮರೆತು ಒಳಗೆ ಹೋದ.

ಗೋಡೆಯ ಆಚೆ ಮುದುಕಮ್ಮನ ಹಿತ್ತಲು. ಹೊಸಪೇಟೆಯ ಆ ಓಣಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂಬುದು ಉಂಡವರಿಗಿಂತ ಮೊದಲು ಮುದುಕಮ್ಮನಿಗೆ ತಿಳಿಯುತ್ತಿತ್ತು. ಆಕೆಗೆ ಓದು ಬಾರದು. ಆದರೆ ಅಕ್ಕನ ಮಗ ಹುಲುಗಪ್ಪನಿಗೆ ಬರುತ್ತಿತ್ತು, ಅವನು ಪೋಲೀಸು; ಠಾಣೆ ಓಣಿಯ ತುದಿಯಲ್ಲೇ ಇತ್ತು.

ಗವಿಸಿದ್ದಪ್ಪ ಅಕ್ಕಿ ಗಿರಣಿಯ ಗುಮಾಸ್ತ. ದಿನಾ ಗಿರಣಿಗೆ ಹೋಗುವ ಮುಂಚೆ, ರಜೆ ಬಂತೆಂದರೆ ತಾಸುಗಟ್ಟಲೆ, ಒಗೆಯುವ ಕಲ್ಲಿನ ಮೇಲೆ ಕೂತು ಹಿತ್ತಲಿಗೆ ಬರುವ ಹಕ್ಕಿಗಳನ್ನು ನೋಡುವುದು, ನೋಡಿದ್ದನ್ನು ಗಳಿಗೆ ತಪ್ಪದೆ ಬರೆದಿಡುವುದು ಅವನ ಚಟ. ಹಕ್ಕಿಗಳಿಗೆ ತನಗೆ ತೋಚಿದ ಹೆಸರಿಟ್ಟಿದ್ದ. ಅಂಜೂರದ ಎಲೆ ಹೊಲಿದು ಗೂಡು ಕಟ್ಟಿದ ಪುಟ್ಟ ಹಕ್ಕಿ 'ದರ್ಜಿ'. ಬಾಲ ಸೀಳಿದ ಕರಿಹಕ್ಕಿ 'ಕತ್ತರಿ'. ಮೊಟ್ಟೆ ಕದಿಯಲು ಹೊಂಚುವ ಕೆಂಬೂತ 'ಕೆಂಪು ಕೋಟು'.

ಕಾಲ ಮಾತ್ರ ಹಕ್ಕಿ ನೋಡುವಂಥದ್ದಾಗಿರಲಿಲ್ಲ. ಅದು ನಲವತ್ತೆರಡನೇ ಇಸವಿ. ಶುಕ್ರವಾರ ನಸುಕಿನಲ್ಲಿ ಕಂಪ್ಲಿ ರಸ್ತೆಯ ಟೆಲಿಗ್ರಾಫ್ ತಂತಿಯನ್ನು ಯಾರೋ ಕತ್ತರಿಸಿದ್ದರು. ಸೋಮವಾರ ಕಲೆಕ್ಟರ್ ಸಾಹೇಬರು ಊರಿಗೆ ಬರುವವರಿದ್ದರು.

ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಬಾಗಿಲು ದಬದಬ ಬಡಿಯಿತು. ಹೊರಗೆ ಸಬ್ ಇನ್ಸ್‌ಪೆಕ್ಟರು, ಅವರ ಹಿಂದೆ ಹುಲುಗಪ್ಪ, ಅವನ ಹಿಂದೆ ನಾಲ್ಕು ಲಾಠಿ, ಲಾಠಿಗಳ ಹಿಂದೆ ಇಡೀ ಓಣಿ.

"ಈ ಬುಕ್ಕು ನಿಂದಾ?"

"ನಂದಾರೀ... ಗ್ವಾಡಿ ಮ್ಯಾಲಿತ್ತು..."

ಇನ್ಸ್‌ಪೆಕ್ಟರು ಗಟ್ಟಿಯಾಗಿ ಓದಿದರು. "'ಶುಕ್ರವಾರ ಬೆಳಿಗ್ಗೆ ಆರು ಹತ್ತು. ಕತ್ತರಿ ತಂತಿ ಮೇಲೆ ಬಂದ.' ಯಾರಲೇ ಈ ಕತ್ತರಿ?"

"ಹಕ್ಕಿರೀ ಅದು, ಸಾಹೇಬ್ರ."

"'ಶನಿವಾರ. ಕೆಂಪು ಕೋಟು ಸುಳಿದಾಡಿದ. ಸುಳಿವು ಸಿಕ್ಕಿರಬಹುದು.' ಇದೂ ಹಕ್ಕೀನಾ?"

"ಹೌದ್ರೀ."

"'ದರ್ಜಿಯ ಮೂರೂ ಅಂಜೂರದಲ್ಲಿ ಕ್ಷೇಮ. ಭಾನುವಾರ, ತಪ್ಪಿದರೆ ಸೋಮವಾರ, ಒಡೆಯುವುದು ಖಂಡಿತ.'" ಇನ್ಸ್‌ಪೆಕ್ಟರ ಧ್ವನಿ ತಗ್ಗಿತು. "ಸೋಮವಾರ ಯಾರು ಬರ್ತಾರಂತ ಗೊತ್ತೇನು ನಿನಗ?"

"ತತ್ತಿರೀ ಅವು! ತತ್ತಿ ಒಡದು ಮರಿ..." ಎಂದು ಗವಿಸಿದ್ದಪ್ಪ ತೊದಲಿದ.

'ಒಡೆಯುವುದು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಓಣಿ ಕಾಳು ಚೆಲ್ಲಿದಂತೆ ಚೆದುರಿತು. ಆದರೆ ಬಹಳ ದೂರ ಹೋಗಲಿಲ್ಲ. ಬಾಂಬು ನೋಡುವ ಭಾಗ್ಯ ಮತ್ತೆ ಯಾವಾಗ? ಗೋಡೆಯ ಮೇಲೆ ಸಾಲಾಗಿ ತಲೆಗಳು ಮೂಡಿದವು.

ಹಿತ್ತಲಿನಲ್ಲಿ ಇನ್ಸ್‌ಪೆಕ್ಟರು ಅಂಜೂರದ ಗಿಡದಿಂದ ಇಪ್ಪತ್ತು ಹೆಜ್ಜೆ ದೂರ ನಿಂತರು. ಬಸಕ್ಕ ತುಂಬಿಟ್ಟಿದ್ದ ನೀರಿನ ಕೊಡವನ್ನು, ಬಾಂಬಿನ ಮೇಲೆ ಸುರಿಯಲೆಂದು, ಹುಲುಗಪ್ಪ ತಬ್ಬಿ ಹಿಡಿದಿದ್ದ. ಅರ್ಧ ಕೊಡ ಆಗಲೇ ಅವನ ಚಡ್ಡಿಯ ಮೇಲೆ ಖಾಲಿಯಾಗಿತ್ತು.

"ಲೇ ಹುಲುಗಪ್ಪ, ಲಾಠೀಲೆ ಆ ಎಲಿ ಸರಿಸಿ ನೋಡು."

"ನಾನಾರೀ?" ಎಂದು ಹುಲುಗಪ್ಪ ಹಿಂದಕ್ಕೆ ನೋಡಿದ. ಹಿಂದಿದ್ದ ನಾಲ್ಕು ಲಾಠಿಗಳೂ ಆಗಲೇ ಮಾಯವಾಗಿದ್ದವು. ಕೊಡ ಇಳಿಸಿ, ಕಣ್ಣು ಮುಚ್ಚಿ, ಲಾಠಿ ಚಾಚಿ ಹೊರಟ.

ಇಷ್ಟು ಹೊತ್ತು ತೊದಲುತ್ತಿದ್ದ ಗವಿಸಿದ್ದಪ್ಪ ಓಡಿಹೋಗಿ ಗಿಡಕ್ಕೆ ಅಡ್ಡ ನಿಂತುಬಿಟ್ಟ. "ಬ್ಯಾಡ್ರೀ! ಲಾಠಿ ತಾಗಿದರ ಗೂಡು ಹರೀತೈತಿ. ಹನ್ನೆರಡು ದಿನ ಕಾವು ಕೊಟ್ಟೈತ್ರೀ ಆ ಜೀವ. ಹೊಡೆಯೋದಿದ್ರ ನನ್ನ ಹೊಡೀರಿ. ಸ್ವಲ್ಪ ಸುಮ್ಮನ ಕುಂದ್ರಿ, ತಾಯಿ ಬರ್ತೈತಿ."

ಗೋಡೆಯ ಮೇಲಿನ ತಲೆಗಳಿಗೆ ಕೇಳಿಸಿದ್ದು "ನನ್ನ ಹೊಡೀರಿ" ಎಂಬುದೊಂದೇ.

"ಎಂಥಾ ಎದೀರೀ ಗುಮಾಸ್ತಂದು!" ಎಂದಿತು ಒಂದು ತಲೆ.

"ದೇಶಕ್ಕಾಗಿ ಪ್ರಾಣ ಕೊಡಾಕ ನಿಂತಾನ," ಎಂದಿತು ಇನ್ನೊಂದು.

ಬುಕ್ಕನ್ನು ಪೋಲೀಸರಿಗೆ ಕೊಟ್ಟು ಬಂದಿದ್ದ ಮುದುಕಮ್ಮನೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೋ ಜೈಕಾರ ಹಾಕಿದರು. ಗವಿಸಿದ್ದಪ್ಪನಿಗೆ ಗಲ್ಲು ಕಣ್ಣೆದುರು ತೂಗಿತು. ಆದರೂ, ಹುಟ್ಟಿದಾಗಿನಿಂದ ಯಾರೂ ತನ್ನನ್ನು ಇಷ್ಟು ಹೊಗಳಿರಲಿಲ್ಲ ಎನ್ನುವುದೂ ನೆನಪಾಯಿತು.

ಇನ್ಸ್‌ಪೆಕ್ಟರು ಗಡಿಯಾರ ತೆಗೆದರು. "ಐದು ನಿಮಿಷ."

ಒಂದು ನಿಮಿಷ. ಎರಡು. ಹಕ್ಕಿಯ ಸುಳಿವಿಲ್ಲ. ಮೂರು. ಹುಲುಗಪ್ಪ ಲಾಠಿಯನ್ನು ಬಿಗಿಹಿಡಿದ. ನಾಲ್ಕು. ಗವಿಸಿದ್ದಪ್ಪ ಎಂದೂ ಬೇಡಿಕೊಳ್ಳದ ದೇವರುಗಳನ್ನೆಲ್ಲ ಬೇಡಿಕೊಂಡ.

"ಟುವ್ವಿ, ಟುವ್ವಿ!"

ಹೆಬ್ಬೆರಳಿನಷ್ಟಿದ್ದ ಹಕ್ಕಿ ಬಾಲ ನಿಗುರಿಸಿಕೊಂಡು ಬಂದು, ಪೋಲೀಸರನ್ನು ಲೆಕ್ಕಕ್ಕೇ ಇಡದೆ, ಬಾಯಲ್ಲಿ ಹುಳ ಕಚ್ಚಿಕೊಂಡು ಎಲೆಯೊಳಗೆ ನುಸುಳಿತು. ಒಳಗಿನಿಂದ ಎಳೆಯ ಚಿಲಿಪಿಲಿ ಕೇಳಿತು.

ಇನ್ಸ್‌ಪೆಕ್ಟರು ಬೂಟಿನ ಸಪ್ಪಳವಾಗದಂತೆ ಹೋಗಿ, ಬಗ್ಗಿ ನೋಡಿದರು. ಎರಡು ಮರಿ, ಒಂದು ಮೊಟ್ಟೆ. ಎದ್ದು ನಿಂತಾಗ ಅವರ ಮೀಸೆಯ ಕೆಳಗೆ ನಗು ಇತ್ತು. ನೋಟ್‌ಬುಕ್ಕನ್ನು ಮತ್ತೆ ಮೊದಲಿನಿಂದ ತಿರುವಿದರು.

"ಗುಮಾಸ್ತರ, ಎಷ್ಟೊತ್ತು ಕುಂದ್ರತೀರಿ ಹಿಂಗ?"

ಬಹುವಚನ ಕೇಳಿ ಗವಿಸಿದ್ದಪ್ಪನ ಜೀವ ಮರಳಿತು. "ನಾಕೈದು ತಾಸ್ರೀ."

"ಅಲುಗಾಡದ?"

"ಅಲುಗಾಡಿದರ ಹಾರಿಹೋಗ್ತಾವ್ರೀ."

"ಯಾರು ಬಂದರು, ಎಷ್ಟೊತ್ತಿಗೆ ಬಂದರು, ಯಾವ ಕೋಟಿತ್ತು, ಎಲ್ಲಾ ಬರದೀರಿ." ಇನ್ಸ್‌ಪೆಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. "ಇಂಥಾ ಕಣ್ಣು ನಮ್ಮ ಸ್ಟೇಷನ್ನಿನ್ಯಾಗ ಒಂದೂ ಇಲ್ಲ. ನಾಳೆಯಿಂದ ಕಂಪ್ಲಿ ರಸ್ತ್ಯಾಗ ತಂತಿ ಕಂಬದ ಹತ್ರ ಕುಂದ್ರಿ. ಹೋಗೋರು ಬರೋರನ್ನೆಲ್ಲಾ ಹಿಂಗ ಬರದು ದಿನಾ ಸಂಜಿಗೆ ನನಗ ತಂದುಕೊಡ್ರಿ. ಗಿರಣಿಗೆ ನಾನು ಹೇಳಿಕಳಿಸ್ತೀನಿ."

"ಸಾಹೇಬ್ರ, ನಾನು ಬರೇ ಹಕ್ಕಿ..."

"ಸರ್ಕಾರಿ ಹುಕುಂ," ಎಂದು ಇನ್ಸ್‌ಪೆಕ್ಟರು ಓಣಿಗೆಲ್ಲ ಕೇಳುವಂತೆ ಹೇಳಿ ಹೊರಟರು.

ಗೋಡೆಯ ಮೇಲಿನ ತಲೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಉಳಿದದ್ದು ಮುದುಕಮ್ಮನದು. ಆಕೆ ಗವಿಸಿದ್ದಪ್ಪನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಮೂಗು ಮುರಿದು ಹೇಳಿದಳು:

"ಥೂ! ಓಣಿಯ ಸುದ್ದಿಯೆಲ್ಲಾ ಪೋಲೀಸರಿಗೆ ಮುಟ್ಟಿಸೋರು ಯಾರಂತ ಇಷ್ಟು ದಿನ ತಿಳೀದ ಒದ್ದಾಡಿದಿವಿ ನೋಡು!"