ಪದ್ಮಳ ರಾಕ್ಷಸ, ನನ್ನ ಕರಡಿ

ಗಂಡ ಹೆಂಡತಿ ಉಪ್ಪಿಗೆ, ಹುಳಿಗೆ, ತವರುಮನೆಗೆ, ಯಾವುದಕ್ಕೆ ಬೇಕಾದರೂ ಜಗಳವಾಡಲಿ. ಯಾರ ಬಾಲ್ಯ ಚೆನ್ನಾಗಿತ್ತು ಎಂಬುದಕ್ಕೆ ಮಾತ್ರ ಆಡಬಾರದು. ಅಲ್ಲಿ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ, ಹಾಗಾಗಿ ಇಬ್ಬರೂ ಬಾಯಿಗೆ ಬಂದಷ್ಟು ದೊಡ್ಡದು ಮಾಡುತ್ತಾ ಹೋಗುತ್ತಾರೆ. ನಾವು ಮದುವೆಯಾದ ಹೊಸತರಲ್ಲೇ ಈ ತಪ್ಪು ಮಾಡಿದೆವು.

ನಾನು ಹಿಂದೂಪುರದವನು. ಟಿವಿ ರಿಪೇರಿ ನನ್ನ ಕಸುಬು. ಚಿಕ್ಕಂದಿನಲ್ಲಿ ಪಕ್ಕದ ಹುಣಸೆಹಣ್ಣಿನ ವ್ಯಾಪಾರಿಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಪ್ಪು-ಬಿಳುಪು ಟಿವಿಯಲ್ಲಿ ಕಾರ್ಟೂನು ನೋಡುತ್ತಿದ್ದೆ. ಅದರಲ್ಲೊಂದು ಕರಡಿ, ಸೈಕಲ್ ಹತ್ತಲು ಹೋಗಿ ಪ್ರತಿ ಸಲವೂ ಬೀಳುತ್ತಿತ್ತು. ನಾವು ಮಕ್ಕಳೆಲ್ಲ ನೆಲದ ಮೇಲೆ ಹೊರಳಾಡಿ ನಗುತ್ತಿದ್ದೆವು. ಆ ಮನೆಯ ಯಜಮಾನಿ, "ನಗೋದಾದ್ರೆ ಆಚೆ ಹೋಗಿ ನಗ್ರಲಾ!" ಎಂದು ಗದರುತ್ತಿದ್ದರು. ಆಚೆ ಹೋದರೆ ಕರಡಿ ಕಾಣದು. ಅದಕ್ಕೇ ಬಾಯಿಗೆ ಅಂಗಿಯ ಕಾಲರು ತುರುಕಿಕೊಂಡು ನಗುವುದನ್ನು ಕಲಿತೆವು. ಆ ಕಾಲದ ನನ್ನ ಅಂಗಿಗಳನ್ನೆಲ್ಲ ಇಲಿ ಕಡಿದಿದೆ ಎಂದೇ ಅಮ್ಮ ನಂಬಿದ್ದಳು.

ಪದ್ಮ ಕಲ್ಯಾಣದುರ್ಗದವಳು. ಅವಳದು ತೊಗಲುಗೊಂಬೆಯಾಟದ ಬಾಲ್ಯ. "ಪರದೆ ಹಿಂದೆ ರಾಕ್ಷಸ ಎದ್ದು ನಿಂತ್ರೆ ತಾಳೆಮರದೆತ್ತರ ಕಣ್ರೀ! ನಮ್ಮಪ್ಪನ ಹೆಗಲ ಮ್ಯಾಲೆ ಕುಂತ್ಕಂಡು ನೋಡಿದ್ರೂ ತಲೆ ಎತ್ತಬೇಕಾಗಿತ್ತು. ನಿಮ್ಮ ಕರಡಿ ಎಷ್ಟೆತ್ತರ? ಒಂದು ಗೇಣು. ಅದ್ಕೆ ಬಣ್ಣನಾದ್ರೂ ಇತ್ತಾ?" ಎನ್ನುತ್ತಿದ್ದಳು. ಕಪ್ಪು-ಬಿಳುಪಿನಲ್ಲಿ ನೋಡಿದ ನಾನು, "ಕರಡಿ ಅಂದ್ರೆ ಕಪ್ಪೇ" ಎನ್ನುತ್ತಿದ್ದೆ.

ಒಂದು ದಿನ ಅತ್ತೆ ಫೋನ್ ಮಾಡಿ, "ನಮ್ಮೂರ ಸ್ಕೂಲ್ ಬಯಲಾಗೆ ಸಾಯಂತ್ರ ಬೊಂಬೆಯಾಟ ಐತೆ, ಅಳಿಯಂದ್ರನ್ನ ಕರ್ಕಂಡು ಬಾಮ್ಮಾ" ಎಂದರು. ಪದ್ಮಳ ಮುಖ ಅರಳಿತು. "ಬನ್ನಿ, ಕಣ್ಣಾರೆ ನೋಡೇಬುಡಿ" ಎಂದಳು. ದಾರಿಯುದ್ದಕ್ಕೂ ಅವಳು ರಾಕ್ಷಸನನ್ನು ಎಷ್ಟು ವರ್ಣಿಸಿದಳೆಂದರೆ, ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿ ತಿರುಗಿ ಕುಳಿತು ಕಲ್ಯಾಣದುರ್ಗದವರೆಗೂ ಕೇಳಿದಳು.

ಆಟ ಶುರುವಾಯಿತು. ಪರದೆ ನಮ್ಮ ಬಾಗಿಲಿನ ಕರ್ಟನ್ನಿಗಿಂತ ಸ್ವಲ್ಪ ದೊಡ್ಡದಿತ್ತು. ಮೈಕಿನಲ್ಲಿ ದೊಡ್ಡ ಆರ್ಭಟ ಕೇಳಿಸಿ, ರಾಕ್ಷಸ ಬಂದ. ನನ್ನ ಸೊಂಟದವರೆಗೆ ಬರುತ್ತಿದ್ದನೇನೋ. ಬಣ್ಣಗಳು ನಿಜಕ್ಕೂ ಸೊಗಸಾಗಿದ್ದವು. ಅದನ್ನಾದರೂ ಹೇಳಬಹುದಿತ್ತು. ನಾನು, "ಎಲ್ಲೇ ನಿನ್ನ ರಾಕ್ಷಸ? ಇವನು ಅವನ ಮೊಮ್ಮಗನಾ?" ಎಂದೆ.

ಪದ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪರದೆಯನ್ನೇ ನೋಡುತ್ತಾ, "ಅಪ್ಪಾನೂ ಕೊನೆಕೊನೇಗೆ ಇಷ್ಟೇ ಆಗ್ಬುಟ್ಟಿತ್ತು" ಎಂದಳು. ಮಾವ ತೀರಿಕೊಂಡು ಆಗಿನ್ನೂ ವರ್ಷ ಕಳೆದಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಅವಳು ಬೊಂಬೆಯಾಟದ ಮಾತೇ ಎತ್ತಲಿಲ್ಲ. ನಾನು ಬೇಕೆಂದೇ ಕಾರ್ಟೂನು ಹೊಗಳಿದರೆ, "ಆಯ್ತು, ನಿಮ್ದೇ ದೊಡ್ಡದು ಬಿಡಿ" ಎಂದು ಅಕ್ಕಿ ಆರಿಸುತ್ತಿದ್ದಳು. ಜಗಳವಿಲ್ಲದ ಮನೆ ಎಷ್ಟು ಭಣಗುಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳೂ ನನ್ನ ಕರಡಿಯನ್ನು ಮನಸಾರೆ ಅಣಕಿಸಿಬಿಟ್ಟರೆ ಲೆಕ್ಕ ಸರಿಹೋದೀತೆಂದು ಪೇಟೆಯೆಲ್ಲ ಹುಡುಕಿ ಆ ಕಾರ್ಟೂನಿನ ಸಿಡಿ ತಂದೆ. ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ.

ಕರಡಿ ಗುಲಾಬಿ ಬಣ್ಣದ್ದು ಎಂದು ನನಗೆ ತಿಳಿದದ್ದೇ ಆಗ. ಅದು ಸೈಕಲ್ ಹತ್ತಿತು, ಬಿತ್ತು. ನಗು ಬರುತ್ತದೆ ಎಂದು ಕಾದೆ. ಮತ್ತೆ ಬಿತ್ತು. ಹಿಂದಿನ ಗುಡ್ಡ ಒಂದೇ, ಅದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಾರೆ ಎಂಬುದು ಕಣ್ಣಿಗೆ ಬಿತ್ತೇ ಹೊರತು ನಗು ಬರಲಿಲ್ಲ. ಈಗ ಪದ್ಮ ಅಣಕಿಸಿ ಒಂದೇ ಮಾತು ಆಡಿದರೂ ನನ್ನ ಕರಡಿಯ ಕಥೆ ಮುಗಿಯಿತು ಎಂದು ಮೆಲ್ಲಗೆ ಅವಳ ಕಡೆ ನೋಡಿದೆ.

ಅವಳು ನಗುತ್ತಿದ್ದಳು. "ಅಯ್ಯೋ, ಮತ್ತೆ ಬಿದ್ಬುಡ್ತು ನೋಡ್ರೀ! ಚೆನ್ನಾಗೈತೆ ಕಣ್ರೀ ನಿಮ್ಮ ಕರಡಿ." ಆಮೇಲೆ ನನ್ನ ಮುಖ ನೋಡಿ, "ಯಾಕ್ರೀ, ನೀವು ನಗ್ತಾನೇ ಇಲ್ವಲ್ಲ?" ಎಂದಳು.

ನಕ್ಕೆ. ನನಗೇ ಗೊತ್ತಾಗುವಷ್ಟು ಸುಳ್ಳು ನಗು. ಪದ್ಮಳದು ನಿಜವಾದ ನಗುವೋ, ನನ್ನನ್ನು ಕಾಪಾಡಲು ನಕ್ಕದ್ದೋ, ಇವತ್ತಿಗೂ ಕೇಳಿಲ್ಲ. ಇಷ್ಟು ಸಣ್ಣ ಸುಳ್ಳೊಂದನ್ನು ಶಾಲೆಯ ಬಯಲಿನಲ್ಲಿ ನಾನೂ ಹೇಳಬಹುದಿತ್ತು. ಏನು ಮಾಡಲಿ, ಅವತ್ತು ನಾನು ಬಹಳ ಬುದ್ಧಿವಂತನಾಗಿದ್ದೆ.